ಟೇಪಣ್ಣನ ಕುತ್ತಿಗೆಯೂ ಇಲ್ಲದ ಲಾರಿಯೂ

ಟೇಪಣ್ಣನಿಗೆ ಕಾರು ಓಡಿಸಲು ಬರುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಬರುವುದಿಲ್ಲ ಎಂಬುದು ಗೊತ್ತಿದ್ದದ್ದು ಅವನಿಗೂ ಅವನ ಭಾವಮೈದುನನಿಗೂ ಮಾತ್ರ.

ವೃತ್ತಿಯಿಂದ ಅವನು ಟೇಲರ್. ಕುತ್ತಿಗೆಗೆ ಸದಾ ನೇತುಬಿದ್ದಿರುತ್ತಿದ್ದ ಅಳತೆಯ ಟೇಪಿನಿಂದಾಗಿ ಟೇಪಣ್ಣ ಎಂಬ ಹೆಸರು ಅಂಟಿಕೊಂಡು, ತಾಯಿತಂದೆ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಹಳತಾಗಿತ್ತು. ಮದುವೆ ಸೂಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಆ ಕೈ ಸುಮ್ಮನೆ ಕತ್ತರಿ ಹಿಡಿದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದಕ್ಕೊಂದು ಸ್ಟೀರಿಂಗೂ ಬೇಕೆನಿಸಿತು. ಹಳೆಯದೊಂದು ಕಾರು ಬಂತು. ಧೈರ್ಯ ಮಾತ್ರ ಕಾರಿನ ಜೊತೆ ಬರಲಿಲ್ಲ. ಸ್ಟೀರಿಂಗ್ ಹಿಡಿದನೆಂದರೆ ಎದುರಿನ ರಸ್ತೆ, ಕಂಬ, ಸೈಕಲ್ಲು, ನಡೆದುಹೋಗುವ ಮುದುಕಿ ಎಲ್ಲವೂ ಒಟ್ಟಾಗಿ ತನ್ನ ಮೇಲೇ ನುಗ್ಗಿ ಬರುತ್ತಿರುವಂತೆ ಕಾಣುತ್ತಿತ್ತು.

ಹಾಗಾಗಿ ಇಬ್ಬರೂ ಸೇರಿ ಒಂದು ಏರ್ಪಾಟು ಮಾಡಿಕೊಂಡಿದ್ದರು. ಮನೆಯಿಂದ ಬೀದಿಯ ತಿರುವಿನವರೆಗೆ, ಅಂದರೆ ಹೆಂಡತಿಯ ಕಣ್ಣಳತೆ ಮುಗಿಯುವವರೆಗೆ, ಟೇಪಣ್ಣ ಓಡಿಸುವುದು. ತಿರುವು ದಾಟಿದ ಕೂಡಲೇ ಇಬ್ಬರೂ ಇಳಿದು, ಕಾರಿಗೆ ಅರ್ಧ ಪ್ರದಕ್ಷಿಣೆ ಬಂದು, ಸೀಟು ಬದಲಾಯಿಸಿಕೊಳ್ಳುವುದು. ವಾಪಸು ಬರುವಾಗಲೂ ಅದೇ. ಭಾವಮೈದುನನಿಗೂ ಇದರಲ್ಲಿ ನಷ್ಟವಿರಲಿಲ್ಲ. ಪರರ ಕಾರು ಓಡಿಸುವುದೆಂದರೆ ಅವನಿಗೆ ಪಂಚಪ್ರಾಣ.

ಆ ದಿನ ಹಿಂದಿನ ಸೀಟಿನ ಮೇಲ್ಗಡೆ ಒಂದು ಮದುವೆ ಸೂಟು ಹ್ಯಾಂಗರಿನಲ್ಲಿ ತೂಗಾಡುತ್ತಿತ್ತು. ಅದರ ತೋಳು ಕಿಟಕಿಗೆ ಉಜ್ಜುತ್ತಿದೆಯೇನೋ ಎಂದು ಟೇಪಣ್ಣ ಪಕ್ಕದ ಸೀಟಿನಲ್ಲಿ ಕುಳಿತೇ ಕುತ್ತಿಗೆ ಪೂರಾ ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದ. ಅದೇ ಕ್ಷಣಕ್ಕೆ ರಸ್ತೆಯ ನಡುವೆ ನಿದ್ದೆ ಹೊಡೆಯುತ್ತಿದ್ದ ನಾಯಿಯೊಂದು ಭಾವಮೈದುನನ ಕಣ್ಣಿಗೆ ಬಿತ್ತು. ಅವನು ನಾಯಿಯನ್ನು ಉಳಿಸಿದ. ಮರಕ್ಕೆ ಗುದ್ದಿದ.

ದೊಡ್ಡ ಏಟೇನಲ್ಲ. ಕಾರಿನ ಮೂತಿ ಒಂದಿಷ್ಟು ಒಳಗೆ ಹೋಯಿತು. ನಾಯಿ ಎದ್ದು, ಇಬ್ಬರನ್ನೂ ಬೇಸರದಿಂದ ನೋಡಿ, ಬೇರೆ ಜಾಗ ಹುಡುಕಿಕೊಂಡು ಹೋಯಿತು. ಟೇಪಣ್ಣನ ಕುತ್ತಿಗೆಯಲ್ಲಿ ಮಾತ್ರ ಏನೋ 'ಚಟ್' ಅಂದಿತು. ಬಾಗಿಲು ತೆಗೆದು ಇಳಿಯುವಷ್ಟರಲ್ಲಿ ಜನ ಕೂಡಿಬಿಟ್ಟಿದ್ದರು. ಎಲ್ಲರಿಗಿಂತ ಮುಂದೆ, ತರಕಾರಿ ಚೀಲ ಹಿಡಿದುಕೊಂಡು, ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ತರು.

"ಯಾರ್ರೀ ಓಡಿಸ್ತಿದ್ದಿದ್ದು?" ಮಾಸ್ತರು ಕೇಳಿದರು.

ಇಷ್ಟು ದಿನ ಕಾಪಾಡಿಕೊಂಡು ಬಂದ ಮರ್ಯಾದೆ ಟೇಪಣ್ಣನ ನಾಲಿಗೆಯ ತುದಿಯಲ್ಲಿ ಕುಳಿತಿತ್ತು. "ನಾನೇ" ಅಂದ.

"ಇಷ್ಟು ದಪ್ಪ ಮರ ಕಾಣಲಿಲ್ವಾ?"

ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಆದ್ದರಿಂದ ಟೇಪಣ್ಣ ಒಂದು ಲಾರಿಯನ್ನು ತಂದ. "ಮರ ಕಾಣದೆ ಏನು? ಎದುರುಗಡೆಯಿಂದ ಲಾರಿ ನುಗ್ಗಿಬಿಡ್ತು. ಮರಕ್ಕೆ ಕೊಡದೆ ಇದ್ದಿದ್ರೆ ಇಬ್ರೂ ಇವತ್ತು ಇರ್ತಿರಲಿಲ್ಲ."

ಜನ 'ಹಾ' ಎಂದು ಬಾಯಿ ತೆರೆದರು. ಭಾವಮೈದುನನೂ ಬಾಯಿ ತೆರೆದ. ಆದರೆ ತಪ್ಪು ತನ್ನ ತಲೆಯಿಂದ ಇಳಿದು ಲಾರಿಯೇರಿ ಹೋಗುತ್ತಿರುವುದನ್ನು ನೋಡಿ ಮತ್ತೆ ಮುಚ್ಚಿಕೊಂಡ.

ಸಂಜೆಯೊಳಗೆ ಲಾರಿಗೆ ಬಣ್ಣ ಬಂತು. ಹಳದಿ. ಬಣ್ಣ ಬಳಿದವರು ಮಾಸ್ತರು. ತರಕಾರಿ ಅಂಗಡಿಯಿಂದ ಹೊರಗೆ ಬರುವಾಗ ಅದನ್ನು ಕಣ್ಣಾರೆ ಕಂಡೆನೆಂದು ಅವರು ಮೊದಲು ಹೆಂಡತಿಗೆ, ಆಮೇಲೆ ಕ್ಷೌರದಂಗಡಿಗೆ, ಕೊನೆಗೆ ಟೇಪಣ್ಣನಿಗೇ ಬಂದು ಹೇಳಿದರು. ಎಷ್ಟು ಖಚಿತವಾಗಿ ಹೇಳಿದರೆಂದರೆ, ಟೇಪಣ್ಣನಿಗೂ ಒಂದು ಹಳದಿ ಲಾರಿ ಮಸುಕು ಮಸುಕಾಗಿ ಕಾಣತೊಡಗಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆಯೇನೂ ಮುರಿದಿಲ್ಲ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಲವು ದಿನ ಕಳೆಯುವುದರೊಳಗೆ ಬಲಗೈಯಲ್ಲಿ ಇರುವೆ ಹರಿದಾಡಿದಂತಾಗತೊಡಗಿತು. ಸೂಜಿಯ ಕಣ್ಣಿಗೆ ದಾರ ಹೋಗದು. ಗುಂಡಿ ಹಿಡಿದರೆ ಬೆರಳಿಗೆ ಗುಂಡಿಯೇ ತಿಳಿಯದು. ಒಂದು ಮಧ್ಯಾಹ್ನ ದುಬಾರಿ ಬಟ್ಟೆಯೊಂದನ್ನು ಹಾಸಿಕೊಂಡು ಕತ್ತರಿಸುತ್ತಿದ್ದಾಗ ಕತ್ತರಿ ತಾನಾಗಿಯೇ ಕೈಯಿಂದ ಜಾರಿ, ನೆಲದ ಮೇಲೆ ಠಣ್ಣೆಂದು ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ ಟೇಪಣ್ಣ ಎತ್ತಿಕೊಳ್ಳದೆ ಹಾಗೇ ಕುಕ್ಕರಿಸಿ ಕುಳಿತುಬಿಟ್ಟ. ಒಳಗಿಂದ ಬಂದ ಹೆಂಡತಿ ಅವನ ಮುಖ ನೋಡಿ, ಕತ್ತರಿ ಎತ್ತಿ ಮೇಜಿನ ಮೇಲಿಟ್ಟಳು.

"ಇದಕ್ಕೆಲ್ಲ ಒಬ್ಬ ಇದಾನೆ ಭಾವ," ಅಂದ ಭಾವಮೈದುನ. "ಕುತ್ತಿಗೆ ಲಟಿಕೆ ತೆಗೀತಾನೆ. ಗದ್ದ ಹಿಡಿದು ಒಂದೇ ತಿರುವು. ಲಟ್ ಅನ್ನತ್ತೆ, ನೋವು ಓಡತ್ತೆ. ನಮ್ಮ ಮ್ಯಾನೇಜರಿಗೆ ತಿರುಗಿಸಿದ್ದ."

"ವಾಸಿ ಆಯ್ತಾ?"

"ಅವರು ವರ್ಗ ಆಗಿ ಹೋದ್ರು, ಗೊತ್ತಿಲ್ಲ."

ಈ ವಿಚಾರ ಇತ್ಯರ್ಥವಾಗುವ ಮುನ್ನ ಅಂಗಡಿಯ ಮುಂದೆ ಪೊಲೀಸ್ ಜೀಪು ಬಂದು ನಿಂತಿತು. ಜವಾಬ್ದಾರಿಯುತ ನಾಗರಿಕರಾದ ಮಾಸ್ತರು ಠಾಣೆಗೆ ಹೋಗಿ ದೂರು ಕೊಟ್ಟಿದ್ದರಂತೆ. ಪೊಲೀಸರು ಊರೆಲ್ಲ ಜಾಲಾಡಿ ಒಂದು ಹಳದಿ ಲಾರಿಯನ್ನು ಹಿಡಿದಿದ್ದರು. ಜೀಪಿನ ಹಿಂಭಾಗದಲ್ಲಿ ಅದರ ಚಾಲಕ, ಬಡಕಲು ಮನುಷ್ಯ, ಮೊಣಕಾಲು ತಬ್ಬಿಕೊಂಡು ಕುಳಿತಿದ್ದ.

"ಇವನೇನಾ ನೋಡ್ರಿ," ಅಂದರು ಪೊಲೀಸಿನವರು.

ಚಾಲಕ ತಲೆಯೆತ್ತಿ ಟೇಪಣ್ಣನನ್ನು ನೋಡಿದ. ಯಾರೋ ಹೆತ್ತ ಮಗ, ತಾನು ಮಾಡದ ಅಪಘಾತಕ್ಕೆ ಜೈಲಿಗೆ ಹೋಗುತ್ತಿದ್ದಾನೆ! ಟೇಪಣ್ಣ ಕಣ್ಣು ಮುಚ್ಚಿಕೊಂಡು ಸತ್ಯ ಹೇಳಿದ.

"ಸಾರ್, ಲಾರಿ ಇರಲಿಲ್ಲ."

"ಇವನ ಲಾರಿ ಅಲ್ವಾ?"

"ಯಾರ ಲಾರಿನೂ ಇರಲಿಲ್ಲ. ಲಾರಿನೇ ಇರಲಿಲ್ಲ."

ಜೀಪಿನ ಜೊತೆಗೇ ಬಂದಿದ್ದ ಮಾಸ್ತರು ನಿಧಾನವಾಗಿ ಮುಂದೆ ಬಂದು ಟೇಪಣ್ಣನ ಹಣೆ ಮುಟ್ಟಿ ನೋಡಿದರು. ಅವರ ಕಣ್ಣಂಚಿನಲ್ಲಿ ನೀರು.

"ತಲೆಗೆ ಏಟು ಬಿದ್ದಿದೆ," ಅಂದರು. "ಲಾರಿನೇ ಮರ್ತುಹೋಗಿದೆ ಪಾಪ."

"ಇಲ್ಲ ಮಾಸ್ತರೇ, ನಾನು ಸುಳ್ಳು ಹೇಳಿದ್ದೆ—"

"ನೋಡಿದ್ರಾ ಸಾರ್? ನಾನು ಕಣ್ಣಾರೆ ಕಂಡಿದ್ದನ್ನ ಸುಳ್ಳು ಅಂತಾರೆ. ನಿನ್ನೆವರೆಗೂ ಚೆನ್ನಾಗಿದ್ರು."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. "ಕೈಯಲ್ಲೂ ಶಕ್ತಿ ಇಲ್ಲ ಸಾರ್ ಇವರಿಗೆ. ಕತ್ತರಿ ಬೀಳಿಸ್ತಾರೆ."

"ಅಯ್ಯೋ, ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದು ಪೊಲೀಸಿನವರು ಗಾಬರಿಯಾದರು. ಮನುಷ್ಯ ಸತ್ತರೆ ಕೇಸು ದೊಡ್ಡದಾಗುತ್ತದೆ. ಅದಕ್ಕಿಂತ ಹೆಚ್ಚು ಗಾಬರಿಯಾದವನು ಚಾಲಕ. ಅವನು ಜೀಪಿನಿಂದ ಇಳಿದೇ ಬಂದ. "ನಾನೂ ಬರ್ತೀನಿ ಅಕ್ಕ. ಇಷ್ಟು ಜನ ಹೇಳ್ತಿದಾರೆ ಅಂದ್ಮೇಲೆ ನನಗೂ ಈಗ ಅನುಮಾನ. ಆ ಕಡೆ ನಾನೇ ಬಂದಿದ್ನೇನೋ."

ಹೀಗೆ ಮೆರವಣಿಗೆ ದೊಡ್ಡಾಸ್ಪತ್ರೆ ತಲುಪಿತು. ನರಗಳ ಡಾಕ್ಟರು ಕಡಿಮೆ ಮಾತಿನವರು. ಲಾರಿಯ ಪುರಾಣವನ್ನು ಅವರು ಒಂದು ಕಿವಿಯಲ್ಲಿ ಕೇಳಿದರು. ಎರಡನೆಯ ಕಿವಿ, ಕಣ್ಣು, ಕೈ ಎಲ್ಲವೂ ಟೇಪಣ್ಣನ ಬಲಗೈಯ ಮೇಲಿದ್ದವು. ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಬೆರಳು ಹಿಡಿದು "ಗಟ್ಟಿಯಾಗಿ ಹಿಸುಕಿ" ಅಂದರು.

"ಹಿಸುಕ್ತಾ ಇದೀನಿ ಸಾರ್."

"ಇನ್ನೂ ಗಟ್ಟಿಯಾಗಿ."

"ಇಷ್ಟೇ ಸಾರ್ ಇರೋದು."

ಡಾಕ್ಟರು ಎಕ್ಸ್‌ರೇ ಪಕ್ಕಕ್ಕಿಟ್ಟರು. "ಇದರಲ್ಲಿ ಮೂಳೆ ಮಾತ್ರ ಚೆನ್ನಾಗಿ ಕಾಣೋದು. ಮೂಳೆ ಮಧ್ಯದ ಮೆತ್ತೆ, ನರ, ಬೆನ್ನುಹುರಿ ನೋಡಬೇಕು ಅಂದ್ರೆ ಎಂಆರ್‌ಐ ಆಗಲೇಬೇಕು. ಮರೆವು ಅಂತಿದೀರಿ, ತಲೆಯದೂ ಮಾಡಿಬಿಡೋಣ. ಒಳಗೆ ಏನಾಗಿದೆಯೋ ಅದೆಲ್ಲ ಕಾಣತ್ತೆ."

'ಅದೆಲ್ಲ ಕಾಣತ್ತೆ' ಎಂಬ ಮಾತು ಕೋಣೆಯಲ್ಲಿದ್ದ ಒಬ್ಬೊಬ್ಬರ ಮೇಲೂ ಒಂದೊಂದು ಬಗೆಯಲ್ಲಿ ಕೆಲಸ ಮಾಡಿತು. ಹೆಂಡತಿ ಕೈಮುಗಿದಳು. ಚಾಲಕ, "ಲಾರಿ ನಂಬರೂ ಕಾಣತ್ತಾ ಸಾರ್?" ಎಂದು ಕೇಳಿದ. ಮಾಸ್ತರು ಮಾತ್ರ ಯಾಕೋ ಸಪ್ಪಗಾದರು. ಭಾವಮೈದುನ ಬಿಳಚಿಕೊಂಡು ಟೇಪಣ್ಣನನ್ನು ವೆರಾಂಡದ ಮೂಲೆಗೆ ಎಳೆದೊಯ್ದ.

"ಭಾವ, ಕೆಟ್ಟೆವು. ಏಟು ಯಾವ ಕಡೆಯಿಂದ ಬಿತ್ತು, ನೀವು ಯಾವ ಸೀಟಲ್ಲಿದ್ರಿ, ಎಲ್ಲಾ ಹಿಡಿದುಬಿಡತ್ತೆ. ನಾನು ಓಡಿಸ್ತಿದ್ದೆ ಅಂತ ಅಕ್ಕನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ. ನಿಮ್ಮ ಬಂಡವಾಳವೂ ಬೀದಿಗೆ ಬರತ್ತೆ."

"ನಿಜವಾಗ್ಲೂ ಅಷ್ಟೆಲ್ಲಾ ಕಾಣತ್ತೇನೋ?"

"ಆ ಮೆಷಿನ್ನಿಗೆ ಒಂದು ಇಡೀ ಕಟ್ಟಡ ಕಟ್ಟಿಸಿದಾರೆ. ಸುಮ್ನೆ ಕಟ್ಟಿಸ್ತಾರಾ? ನನ್ನ ಮಾತು ಕೇಳಿ. ಫೋನ್ ಮಾಡಿದೀನಿ, ಲಟಿಕೆಯವನು ಇಲ್ಲಿಗೇ ಬರ್ತಾ ಇದಾನೆ. ಒಂದು ತಿರುವು. ಕೈ ಸರಿಹೋದ್ರೆ ಸ್ಕ್ಯಾನೇ ಬೇಡ."

ಲಟಿಕೆಯವನು ಬಂದೇಬಿಟ್ಟ. ಗೇಣಗಲದ ಅಂಗೈ. ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನ ಹಿಂದೆ ನಿಂತು, ಒಂದು ಕೈಯಲ್ಲಿ ಟೇಪಣ್ಣನ ಗದ್ದ, ಇನ್ನೊಂದರಲ್ಲಿ ಬುರುಡೆ ಹಿಡಿದ. ಹೆಂಡತಿ ನೀರಿನ ಬಾಟಲಿ ತುಂಬಿಸಲು ಹೋಗಿದ್ದಳು. ಟೇಪಣ್ಣನಿಗೆ ಬೇಡವೆನ್ನಬೇಕೆನಿಸಿತು. ಆದರೆ ಗದ್ದ ಅವನ ವಶದಲ್ಲಿರಲಿಲ್ಲ.

"ಉಸಿರು ಎಳ್ಕೊಳ್ಳಿ," ಅಂದ ಲಟಿಕೆಯವನು. "ಈಗ ಮೆಲ್ಲಗೆ ಬಿಡಿ..."

"ಕುತ್ತಿಗೆ ಸ್ಕ್ಯಾನ್ ಯಾರದು?" ಬಾಗಿಲು ತೆರೆದು ಟೆಕ್ನಿಷಿಯನ್ ಹುಡುಗಿ ಕೂಗಿದಳು. ಎದುರಿನ ದೃಶ್ಯ ಕಂಡು ಅವಳ ದನಿ ಏರಿತು. "ಏಯ್! ಏನ್ ಮಾಡ್ತಿದೀರಾ ಅಲ್ಲಿ? ಕೈ ತೆಗೀರಿ!"

ಕೈಗಳು ತೆರೆದುಕೊಂಡವು. ಟೇಪಣ್ಣ ಬಿಟ್ಟ ಬಾಣದಂತೆ ಒಳಗೆ ನುಗ್ಗಿದ.

ಒಳಗೆ ಬೇರೆಯೇ ವಿಚಾರಣೆ ಕಾದಿತ್ತು. "ಮೈಮೇಲೆ ಲೋಹ ಏನಾದ್ರೂ ಇದೆಯಾ? ಆ ಕೋಣೆಯಲ್ಲಿರೋದು ಭಾರೀ ಅಯಸ್ಕಾಂತ. ಒಂದು ಸಣ್ಣ ಪಿನ್ನೂ ಒಳಗೆ ಹೋಗಬಾರದು," ಅಂದಳು ಹುಡುಗಿ.

"ಏನೂ ಇಲ್ಲಮ್ಮ."

ಅವಳು ಅಂಗೈಯಗಲದ ಉಪಕರಣವೊಂದನ್ನು ಮೈಮೇಲೆ ಆಡಿಸಿದಳು. ಅದು ಕಾಲರಿನ ಹತ್ತಿರ ಕಿರುಚಿತು. ಕಾಲರಿನ ಮಡಿಕೆಯಿಂದ ಗುಂಡುಪಿನ್ನುಗಳ ಒಂದು ಸಾಲೇ ಬಂತು. ಅಂಗಿಯ ಅಂಚಿನಲ್ಲಿ ಕಿರುಚಿತು: ಸೂಜಿಗಳು. ಜೇಬಿನಲ್ಲಿ ಬೆರಳಿಗೆ ತೊಡುವ ಅಂಗುಸ್ತಾನ, ಹುಕ್ಕುಗಳು, ದಾರ ಸುತ್ತಿದ ಬಾಬಿನ್ನು. ಪ್ಯಾಂಟಿನ ಪಟ್ಟಿಯಲ್ಲಿ ಯಾವ ಕಾಲದಲ್ಲೋ ಕಳೆದುಹೋಗಿ, ಅದಕ್ಕಾಗಿ ಕೆಲಸದವನನ್ನು ಬೈದು ಓಡಿಸಿದ್ದ ದೊಡ್ಡ ಸೂಜಿ. ಒಂದೊಂದು ಹೊರಬಂದಾಗಲೂ ಟೇಪಣ್ಣ "ಅರೆ, ಇದು ಇಲ್ಲಿತ್ತಾ!" ಎಂದು ಹಿಗ್ಗುತ್ತಿದ್ದ. ಸ್ಟೀಲಿನ ತಟ್ಟೆ ತುಂಬುತ್ತಾ ಬಂತು.

"ನೀವು ಮನುಷ್ಯರಾ, ಸೂಜಿ ಡಬ್ಬಿನಾ?" ಅಂದಳು ಹುಡುಗಿ. ಕೊನೆಗೆ ಆ ಬಟ್ಟೆಯೆಲ್ಲ ಕಳಚಿಸಿ, ಆಸ್ಪತ್ರೆಯ ನಿಲುವಂಗಿ ತೊಡಿಸಿ, ಮತ್ತೊಮ್ಮೆ ಪರೀಕ್ಷಿಸಿ, ಉಪಕರಣ ಸುಮ್ಮನಿದ್ದ ಮೇಲೆಯೇ ಒಳಗೆ ಬಿಟ್ಟಳು. ನಿಲುವಂಗಿಯ ಹೊಲಿಗೆ ವಕ್ರವಾಗಿರುವುದು ಕಣ್ಣಿಗೆ ಬಿದ್ದರೂ, ಎದುರಿಗಿದ್ದದ್ದನ್ನು ಕಂಡು ಟೇಪಣ್ಣ ಅದನ್ನು ಆಡಲಿಲ್ಲ.

ತಣ್ಣನೆಯ ಕೋಣೆ. ನಡುವೆ ಬೆಳ್ಳಗಿನ, ಆಳೆತ್ತರದ ಒಂದು ಉಂಗುರ. ಯಾರೋ ದೈತ್ಯ ಬೆರಳಿನಿಂದ ತೆಗೆದಿಟ್ಟು ಮರೆತುಹೋದಂತೆ. ಟೇಪಣ್ಣ ಚಪ್ಪಲಿಯಿಲ್ಲದ ಕಾಲಿನಲ್ಲಿ, ಗೊತ್ತಿಲ್ಲದೆಯೇ ತಲೆ ತಗ್ಗಿಸಿ ನಿಂತ. ಹಲಗೆಯ ಮೇಲೆ ಮಲಗಿಸಿದರು. ಕಿವಿ ಮುಚ್ಚಿದರು. ಮುಖದ ಮೇಲೆ ಪಂಜರದಂಥದೊಂದು ಇಳಿಯಿತು. ಕೈಗೆ ರಬ್ಬರಿನ ಒಂದು ಗುಂಡು ಕೊಟ್ಟು, ತೀರಾ ತಡೆಯಲಾಗದಿದ್ದರೆ ಒತ್ತಿ ಅಂದರು. ಹಲಗೆ ಸದ್ದಿಲ್ಲದೆ ಒಳಕ್ಕೆ ಜಾರಿತು.

"ಒಂದಿಷ್ಟೂ ಅಲ್ಲಾಡಬಾರದು. ಗೊತ್ತಾಯ್ತಾ?" ಎಲ್ಲಿಂದಲೋ ಹುಡುಗಿಯ ದನಿ ಬಂತು.

ಟೇಪಣ್ಣ ಗೊತ್ತಾಯಿತೆಂದು ತಲೆಯಾಡಿಸಿದ.

"ತಲೆ ಅಲ್ಲಾಡಿಸಬೇಡಿ ಅಂದಿದ್ದು."

ಸರಿ ಎಂದು ಮತ್ತೆ ತಲೆಯಾಡಿಸಿದ.

"ಅಪ್ಪಾ, ನಿಮಗೆ ಕೈಮುಗೀತೀನಿ."

ಆಮೇಲೆ ಶುರುವಾಯಿತು. ಟಕ್ ಟಕ್ ಟಕ್. ಅನಂತರ ಡರ್ರ್ ಎಂದು ಉದ್ದವಾಗಿ. ಮತ್ತೆ ದಢ್ ದಢ್. ಟೇಪಣ್ಣ ಬದುಕೆಲ್ಲ ಹೊಲಿಗೆ ಮೆಷಿನ್ನಿನ ಸದ್ದಿನಲ್ಲೇ ಕಳೆದವನು. ಮೊದಲು ಹೆದರಿದ. ಬಳಿಕ ಕಿವಿಗೊಟ್ಟ. ಯಾರೋ ತನ್ನನ್ನು ಹಾಸಿ, ಸರಿಯಾಗಿ ಎಳೆದು ಕೂರಿಸಿ, ಇಷ್ಟಿಷ್ಟೇ ಸರಿಸುತ್ತಾ ಕೆಲಸ ಮಾಡುತ್ತಿದ್ದಾರೆ. ಸೂಜಿಯಿಲ್ಲ, ಕತ್ತರಿಯಿಲ್ಲ, ನೋವಿಲ್ಲ. ಈ ಜನ ಚರ್ಮದ ಒಂದು ಎಳೆಯನ್ನೂ ಬಿಚ್ಚದೆ ಒಳಗಿನ ಅಸ್ತರು ನೋಡುತ್ತಾರಲ್ಲ! ಅವನಿಗೆ ಲಾರಿ ಮರೆತುಹೋಯಿತು. ಸೀಟು ಮರೆತುಹೋಯಿತು. ಮಾಸ್ತರು, ಪೊಲೀಸು, ಮರ್ಯಾದೆ ಯಾವುದೂ ಆ ಉಂಗುರದೊಳಕ್ಕೆ ಬರಲಿಲ್ಲ. ಕಣ್ಣಂಚಿನಿಂದ ನೀರು ಇಳಿದು ಕಿವಿಯತ್ತ ಹರಿಯಿತು. ಕೆರೆತವಾಯಿತು. ಆದರೂ ಟೇಪಣ್ಣ ಅಲ್ಲಾಡಲಿಲ್ಲ.

ಹೊರಗೆ ಬಂದಾಗ, ಏನು ಕಂಡಿತು ಎಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಡಾಕ್ಟರು ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕರೆದರು. ಪರದೆಯ ಮೇಲೆ ಟೇಪಣ್ಣನ ಕುತ್ತಿಗೆ, ಉದ್ದಕ್ಕೆ ಸೀಳಿಟ್ಟಂತೆ, ಬೂದು ಬಣ್ಣದಲ್ಲಿ ಬೆಳಗುತ್ತಿತ್ತು. ಒಂದರ ಮೇಲೊಂದು ಜೋಡಿಸಿಟ್ಟ ಮೂಳೆಗಳು, ನಡುನಡುವೆ ಮೆತ್ತೆಗಳು, ಹಿಂದೆ ಮೇಲಿಂದ ಕೆಳಗಿನವರೆಗೆ ಇಳಿದ ಒಂದೇ ಹುರಿ. ಪೊಲೀಸಿನವರು ಟೋಪಿ ತೆಗೆದರು.

"ತಲೆ ಚೆನ್ನಾಗಿದೆ, ಏನೂ ಆಗಿಲ್ಲ," ಅಂದರು ಡಾಕ್ಟರು. "ತೊಂದರೆ ಇಲ್ಲಿ. ಈ ಮೆತ್ತೆ ಹರಿದು ಹಿಂದಕ್ಕೆ ಉಬ್ಬಿದೆ. ನೋಡಿ, ಬೆನ್ನುಹುರಿಗೆ ತಾಗಿಕೊಂಡೇ ನಿಂತಿದೆ. ಪಕ್ಕದ ನರವನ್ನ ಒತ್ತಿ ಹಿಡಿದಿದೆ, ಅದಕ್ಕೇ ಕೈ ಹೀಗಾಗಿರೋದು. ಪಟ್ಟಿ ಹಾಕ್ತೀನಿ, ಪೂರ್ತಿ ವಿಶ್ರಾಂತಿ. ಆಪರೇಷನ್ ಇಲ್ಲದೆ ವಾಸಿ ಆಗಬಹುದು ಅನ್ನಿಸ್ತಿದೆ. ಸದ್ಯ ಯಾರೂ ಕುತ್ತಿಗೆ ಮುಟ್ಟಿಲ್ಲ. ಈ ಸ್ಥಿತೀಲಿ ಯಾರಾದ್ರೂ ಹಿಡಿದು ತಿರುಗಿಸಿದ್ರೆ ಕೈ ಮಾತ್ರ ಅಲ್ಲ, ಕಾಲೂ ಹೋಗಬಹುದಿತ್ತು."

ಧೊಪ್ಪೆಂದು ಸದ್ದಾಯಿತು. ಭಾವಮೈದುನ ಸ್ಟೂಲಿನ ಮೇಲೆ ಕುಸಿದಿದ್ದ.

"ನಾನೇ ಓಡಿಸ್ತಿದ್ದೆ!" ಅವನು ಗಳಗಳನೆ ಅಳತೊಡಗಿದ. "ಲಾರಿ ಇರಲಿಲ್ಲ, ನಾಯಿ ಇತ್ತು. ಭಾವನಿಗೆ ಓಡಿಸೋಕೇ ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಲಟಿಕೆಯವನನ್ನ ಕರೆಸಿದ್ದೂ ನಾನೇ. ಯಂತ್ರದಲ್ಲಿ ಎಲ್ಲಾ ಬಂದಿದೆ, ಮುಚ್ಚಿಟ್ಟು ಏನು ಪ್ರಯೋಜನ!"

ಡಾಕ್ಟರು ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಇದರಲ್ಲಿ ಅದೆಲ್ಲ ಎಲ್ಲಿ ಬರತ್ತಪ್ಪ? ಇದು ಕುತ್ತಿಗೆ."

ಭಾವಮೈದುನ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿದ. ಆಡಿದ ಮಾತನ್ನು ವಾಪಸು ನುಂಗಲು ಸಾಧ್ಯವೇ ಎಂದು ಅವನ ಗಂಟಲು ಒಂದೆರಡು ಬಾರಿ ಪ್ರಯತ್ನಿಸಿತು. ಅಷ್ಟರಲ್ಲಿ ಅಕ್ಕ ಅವನ ಕಿವಿ ಹಿಡಿದಾಗಿತ್ತು.

"ಹಾಗಾದ್ರೆ ನಾನು ಗುದ್ದಲಿಲ್ವಾ?" ಚಾಲಕ ಎಲ್ಲರ ಮುಖವನ್ನೂ ನೋಡಿದ.

"ನೀನು ಅಲ್ಲಿರಲೇ ಇಲ್ಲ ಕಣಪ್ಪ," ಅಂದ ಟೇಪಣ್ಣ. "ತಪ್ಪಾಯ್ತು. ನನ್ನ ಬಾಯಿಂದ ನಿನಗೆ ಇಷ್ಟು ಕಷ್ಟ." ಚಾಲಕ ಎರಡೂ ಕೈಯಿಂದ ಮುಖ ಒರೆಸಿಕೊಂಡು, ಬೈಯುವುದು ಬಿಟ್ಟು, ಟೇಪಣ್ಣನ ಬಲಗೈಯನ್ನು ಗಾಜಿನ ವಸ್ತುವಿನಂತೆ ಮೆಲ್ಲಗೆ ಹಿಡಿದು ಬಿಟ್ಟ. "ಇದು ಸರಿ ಹೋಗಲಿ ಅಣ್ಣ," ಅಂದು ಹೊರಟ. ಪೊಲೀಸಿನವರು ಮಾತ್ರ ಭಾವ, ಭಾವಮೈದುನ ಇಬ್ಬರಿಗೂ ಬಹಳ ಹೊತ್ತು, ಮುದ್ರಿಸಲಾಗದ ಭಾಷೆಯಲ್ಲಿ ಬುದ್ಧಿ ಹೇಳಿದರು.

ಕೈಗೆ ಬಲ ತಿರುಗಿ ಬರಲು ತಿಂಗಳುಗಳೇ ಹಿಡಿದವು, ಕೊನೆಗೂ ಬಂತು. ಕಾರು ಮಾರಾಟವಾಯಿತು. ಆದರೆ ಅವೆಲ್ಲ ಆಮೇಲಿನ ಮಾತು. ಆ ಸಂಜೆ ಬೀದಿಯ ಜನರೆಲ್ಲ ಟೇಪಣ್ಣನ ನಡುಮನೆಯಲ್ಲಿ ನೆರೆದಿದ್ದರು. ಸುಳ್ಳು ಹೇಳಿದವನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದೇ ಬಂದಿದ್ದವರು. ಬಂದವರ ಎದುರಿಗೆ ಹೆಂಡತಿ ಎಂಆರ್‌ಐ ಫಿಲ್ಮುಗಳನ್ನು ಕಿಟಕಿಯ ಗಾಜಿಗೆ ಅಂಟಿಸಿಬಿಟ್ಟಳು. ಪಡುವಣ ಬೆಳಕು ಅವುಗಳ ಹಿಂದಿನಿಂದ ಬಿತ್ತು. ಬಯ್ಯಲು ತೆರೆದ ಬಾಯಿಗಳು ಹಾಗೇ ತೆರೆದುಕೊಂಡು ನಿಂತವು.

"ನಮ್ಮೊಳಗೂ ಹೀಗೇ ಇರತ್ತಾ?" ಕ್ಷೌರದಂಗಡಿಯವನು ಪಿಸುಗುಟ್ಟಿದ. ಜನ ತಮ್ಮ ತಮ್ಮ ಕುತ್ತಿಗೆಯನ್ನು ಮೆತ್ತಗೆ ಸವರಿಕೊಂಡರು. ಯಾವತ್ತೂ ಇಲ್ಲದ ಗೌರವದಿಂದ.

ಮಾಸ್ತರು ಕನ್ನಡಕ ಏರಿಸಿ, ಬಹಳ ಹೊತ್ತು, ಮೂಲೆ ಮೂಲೆ ನೋಡಿದರು. ಕೊನೆಗೆ ತಲೆಯ ಚಿತ್ರದ ಅಂಚಿನಲ್ಲಿ ಒಂದು ಮಬ್ಬು ಕಲೆಯ ಮೇಲೆ ಬೆರಳಿಟ್ಟು, "ಇದೇನು ಮತ್ತೆ? ಇದು ಲಾರಿ ಅಲ್ದೆ ಇನ್ನೇನು?" ಅಂದರು. "ಇರಬಹುದು ಮಾಸ್ತರೇ," ಅಂದ ಕ್ಷೌರದಂಗಡಿಯವನು. ಅವರ ಮನಸ್ಸಿಗೂ ಒಂದಿಷ್ಟು ಸಮಾಧಾನ ಬೇಕಿತ್ತು.

ಎಲ್ಲರೂ ಹೋದ ಮೇಲೆ ಟೇಪಣ್ಣ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ಗೊಂಬೆಯಂತೆ ನೆಟ್ಟಗೆ ಕುಳಿತಿದ್ದ. ಹೆಂಡತಿಯ ಬೈಗುಳ ಇನ್ನೂ ಬಾಕಿಯಿದೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತು, ಫಿಲ್ಮಿನ ಮೇಲೆ ಮೂಳೆಯಿಂದ ಮೂಳೆಗೆ ಬೆರಳಾಡಿಸುತ್ತಿದ್ದಳು. ಬೆಳಕು ಆರಿತು.

"ನಿಜ ಹೇಳಲಾ?" ಅಂದಳು ಕೊನೆಗೆ.

"ಹೇಳು," ಅಂದ ಟೇಪಣ್ಣ, ಎಲ್ಲಕ್ಕೂ ಸಿದ್ಧನಾಗಿ.

"ಹೊರಗಡೆಗಿಂತ ಒಳಗಡೆ ಎಷ್ಟೋ ಚೆನ್ನಾಗಿದೀರಿ."